ದೊಡ್ಡರೋಗದ ಕಾಲದ ಕಟ್ಟಳೆಗಳು: ಪಶುವೈದ್ಯರ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್, ಚೆಂಬೂರು: ಎಲ್ಲರಿಗೂ ನಮಸ್ಕಾರ. ಮುಂಬೈ-ಪುಣೆ ಕನ್ನಡಿಗರ ನಮ್ಮ ಬಳಗಕ್ಕೆ ಇವತ್ತು ಡಾಕ್ಟರ್ ಬಂದಿದ್ದಾರೆ. ಪರೇಲಿನ ವೆಟರ್ನರಿ ಕಾಲೇಜಿನಲ್ಲಿ ಕಲಿತವರು, ಈಗ ನಿವೃತ್ತರು. ಹೋದ ವಾರ ನಮ್ಮ ಅಜ್ಜಿ ಹೇಳುತ್ತಿದ್ದ ದೊಡ್ಡರೋಗದ, ಅಂದರೆ ರಿಂಡರ್‌ಪೆಸ್ಟ್ ಅನ್ನುವ ದನದ ಪಿಡುಗಿನ ಕಥೆ ಹಾಕಿದ್ದೆ. ಹತ್ತೇ ದಿನದಲ್ಲಿ ಹಟ್ಟಿ ಖಾಲಿಯಾಗಿತ್ತಂತೆ. ಆಗಿನ ಸರ್ಕಾರ ಏನು ಮಾಡುತ್ತಿತ್ತು ಅಂತ ತುಂಬಾ ಜನ ಕೇಳಿದಿರಿ. ಹಾಗಾಗಿ ವಿಷಯ, ಬ್ರಿಟಿಷರ ಕಾಲದಲ್ಲಿ ದನದ ಅಂಟುರೋಗ ತಡೆಯಲು ಬಂದ ಕಾನೂನುಗಳು. ದಯವಿಟ್ಟು ಒಬ್ಬರಿಗೆ ಒಂದೇ ಪ್ರಶ್ನೆ.

ಡೊಂಬಿವಲಿ: ಡಾಕ್ಟ್ರೇ, ಇಂಗ್ಲೆಂಡಿನಲ್ಲಿ ರೋಗ ಬಂದ ದನಗಳನ್ನು ಕೊಂದು ಹೂಳಿದರಂತೆ. ಇಲ್ಲೂ ಹಾಗೇ ಮಾಡಿದರಾ?

ಡಾಕ್ಟರ್: ಅಷ್ಟು ದೊಡ್ಡ ಮಟ್ಟದಲ್ಲಿ ಇಲ್ಲ. ಅಲ್ಲಿ 1865ರಲ್ಲಿ ದೊಡ್ಡರೋಗ ಹಬ್ಬಿತು. ಮರುವರ್ಷ ಕಾನೂನು ಮಾಡಿ, ರೋಗದ ದನಗಳನ್ನು ಕಡ್ಡಾಯವಾಗಿ ಕೊಂದರು. ಅದೇ 1866ರಲ್ಲಿ ಮದ್ರಾಸ್ ಸರ್ಕಾರವೂ ದನದ ರೋಗದ ಕಾಯ್ದೆ ತಂದಿತು. ನಮ್ಮ ಬಳ್ಳಾರಿ, ಮಂಗಳೂರು ಆಗ ಮದ್ರಾಸಿಗೇ ಸೇರಿದ್ದವು. 1871ರಲ್ಲಿ ಹ್ಯಾಲೆನ್ ಎಂಬ ಪಶುವೈದ್ಯರಿದ್ದ ಆಯೋಗ ಇಡೀ ದೇಶದ ದನದ ಪಿಡುಗುಗಳ ಬಗ್ಗೆ ವರದಿ ಕೊಟ್ಟಿತು. ಆದರೆ ಇಂಗ್ಲೆಂಡಿನ ದಾರಿ ಇಲ್ಲಿ ನಡೆಯುವಂತಿರಲಿಲ್ಲ. ಗೋವನ್ನು ಕೊಲ್ಲುತ್ತೇವೆ ಅಂದರೆ ಯಾವ ಊರು ಒಪ್ಪುತ್ತದೆ? ಅದೂ ಅಲ್ಲದೆ ಎತ್ತು ಹೋದರೆ ಉಳುಮೆಯೇ ಹೋಯಿತು. ಹಾಗಾಗಿ ರೋಗದ ದನವನ್ನು ಬೇರೆ ಕಟ್ಟಿ, ಓಡಾಟ ತಡೆಯಿರಿ, ಸತ್ತದ್ದನ್ನು ಹೂಳಿ ಎನ್ನುವುದರ ಮೇಲೆಯೇ ಜಾಸ್ತಿ ಒತ್ತು ಬಿತ್ತು.

ಇದು ಕೆಟ್ಟ ಉಪಾಯ ಅಲ್ಲವೇ ಅಲ್ಲ. ದೊಡ್ಡರೋಗದ ವೈರಸ್ ಬಿಸಿಲಿಗೆ ಬೇಗ ಸಾಯುತ್ತದೆ. ಹತ್ತಿರ ನಿಂತ ದನದಿಂದ ದನಕ್ಕೆ ಹೋಗುತ್ತದೆ. ಒಮ್ಮೆ ಬದುಕಿ ಉಳಿದ ದನಕ್ಕೆ ಮತ್ತೆ ಬರುವುದಿಲ್ಲ. ಓಡಾಟ ನಿಂತರೆ ರೋಗವೂ ನಿಲ್ಲುತ್ತದೆ. ತೊಂದರೆ ಇದ್ದದ್ದು ಸುದ್ದಿಯಲ್ಲಿ. ಪಾಟೀಲರಿಗೆ ಹೇಳಿದರೆ ಸಂತೆ ನಿಲ್ಲುತ್ತದೆ, ದನ ಮಾರೋಕೆ ಆಗಲ್ಲ ಅಂತ ರೈತ ಬಾಯಿ ಬಿಡುತ್ತಿರಲಿಲ್ಲ. ಕಾಗದ ಮೇಲಕ್ಕೆ ಹೋಗಿ ಯಾರಾದರೂ ಬರುವಷ್ಟರಲ್ಲಿ ರೋಗ ನಾಲ್ಕು ಊರು ದಾಟಿರುತ್ತಿತ್ತು.

ಪನ್ವೇಲ್: ಸರ್, ಲಂಪಿ ಬಂದ ಹಸುವಿನ ಹಾಲು ಕುಡಿಯಬಹುದಾ?

ಡಾಕ್ಟರ್: ಕಾಯಿಸಿ ಕುಡಿಯಿರಿ. ಚರ್ಮಗಂಟು ರೋಗ ಮನುಷ್ಯರಿಗೆ ಬರಲ್ಲ.

ಔಂಧ್, ಪುಣೆ: ದನದ ರೋಗದ ಮೊದಲ ಸರ್ಕಾರಿ ಪ್ರಯೋಗಾಲಯ ನಮ್ಮ ಪುಣೆಯಲ್ಲಿತ್ತು ಅಂತಾರೆ. ಹೌದಾ?

ಡಾಕ್ಟರ್: ಹೌದು. 1889ರ ಡಿಸೆಂಬರಿನಲ್ಲಿ ಇಲ್ಲೇ ಶುರುವಾಯಿತು, ಆಗಿನ ಕಾಲೇಜ್ ಆಫ್ ಸೈನ್ಸ್‌ನಲ್ಲಿ. ಇವತ್ತು ನೀವು ಸಿಒಇಪಿ ಅನ್ನುತ್ತೀರಲ್ಲ, ಆ ಎಂಜಿನಿಯರಿಂಗ್ ಕಾಲೇಜು, ಅದೇ. ಆಲ್ಫ್ರೆಡ್ ಲಿಂಗಾರ್ಡ್ ಮೊದಲ ಮುಖ್ಯಸ್ಥ. ಇಂಥ ರೋಗಾಣುಗಳನ್ನು ಊರ ನಡುವೆ ಇಟ್ಟುಕೊಂಡು ಕೆಲಸ ಮಾಡುವುದು ಅಪಾಯ. ಹಾಗಾಗಿ 1893ರಲ್ಲಿ ಕುಮಾವ್ ಬೆಟ್ಟದ ಮುಕ್ತೇಶ್ವರಕ್ಕೆ ಸಾಗಿಸಿದರು. 1897ರಲ್ಲಿ ಜರ್ಮನಿಯ ಹೆಸರಾಂತ ರೋಗಾಣು ವಿಜ್ಞಾನಿ ರಾಬರ್ಟ್ ಕಾಕ್ ಅಲ್ಲಿಗೆ ಹೋಗಿದ್ದರು. ಆಮೇಲೆ ಅಲ್ಲಿಂದ ದೊಡ್ಡರೋಗದ ಸೀರಂ, ಅಂದರೆ ರೋಗ ಗೆದ್ದ ದನದ ರಕ್ತದ ತಿಳಿ, ಊರೂರಿಗೆ ಹೋಯಿತು. ಸೀರಂ ರಕ್ಷಣೆ ಕೊಡುತ್ತಿದ್ದದ್ದು ಸ್ವಲ್ಪ ದಿನ ಮಾತ್ರ. 1920ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ಎಡ್ವರ್ಡ್ಸ್ ಅವರು ವೈರಸ್ಸನ್ನು ಮೇಕೆಯಿಂದ ಮೇಕೆಗೆ ದಾಟಿಸಿ, ಅದರ ಉಗ್ರತೆ ಇಳಿಸಿ ಲಸಿಕೆ ಮಾಡಿದರು. ಊರಿನ ಜನ ಸರ್ಕಾರಿ ಡಾಕ್ಟರನ್ನು ನಂಬೋಕೆ ಶುರು ಮಾಡಿದ್ದು ಕಾಯ್ದೆಯಿಂದಲ್ಲ, ಸೂಜಿಯಿಂದ. ಲಸಿಕೆ ಹಾಕಿಸಿಕೊಂಡ ದನ ಬದುಕಿದ್ದನ್ನು ಕಣ್ಣಾರೆ ಕಂಡರು.

ಮಡಗಾಂವ್: ಗೋವಾದಲ್ಲಿ ಪೋರ್ಚುಗೀಸರ ಕಾಯ್ದೆ ಬೇರೆ ಇತ್ತಾ ಸರ್?

ಬಾಂದ್ರಾ: ನಮ್ಮ ಮುತ್ತಜ್ಜ ಮುಂಬೈಯಲ್ಲಿ ವಿಕ್ಟೋರಿಯಾ ಗಾಡಿ ಓಡಿಸುತ್ತಿದ್ದರು. ಓಡಾಡಿಕೊಂಡಿದ್ದ ಕುದುರೆಯನ್ನು ಸರ್ಕಾರದವರು ಬಂದು ಕೊಂದರಂತೆ. ಮೂಗಿನಲ್ಲಿ ಸಿಂಬಳ ಬಿಟ್ಟರೆ ಬೇರೇನೂ ಇರಲಿಲ್ಲ ಅಂತ ಸಾಯುವವರೆಗೂ ಹೇಳುತ್ತಿದ್ದರಂತೆ. ಯಾಕೆ ಹಾಗೆ?

ಡಾಕ್ಟರ್: ಗ್ಲ್ಯಾಂಡರ್ಸ್ ಇರಬೇಕು ಅಕ್ಕ. ಮೂಗಿನೊಳಗೆ ಹುಣ್ಣು, ಅಂಟಂಟು ಸಿಂಬಳ. ಚರ್ಮದ ಮೇಲೆ ಗಂಟಾದರೆ ಅದಕ್ಕೆ ಫಾರ್ಸಿ ಅನ್ನುತ್ತಿದ್ದರು. ಮನುಷ್ಯರಿಗೂ ಬರುತ್ತದೆ, ಆಗ ಮದ್ದೇ ಇರಲಿಲ್ಲ. 1879ರಲ್ಲಿ ಇದಕ್ಕೆ ಕಾಯ್ದೆ ಬಂತು, 1899ರಲ್ಲಿ ಅದನ್ನು ಹೊಸದಾಗಿ ಬರೆದರು. ಇನ್‌ಸ್ಪೆಕ್ಟರ್ ಲಾಯಕ್ಕೆ ನುಗ್ಗಿ ಹುಡುಕಬಹುದಿತ್ತು, ಕುದುರೆ ಹಿಡಿದುಕೊಂಡು ಹೋಗಬಹುದಿತ್ತು. ಪಶುವೈದ್ಯರು ರೋಗ ಹೌದು ಅಂದರೆ ಕೊಲ್ಲಲೇಬೇಕು. ನಿಮ್ಮ ಮುತ್ತಜ್ಜನ ಸಂಕಟ ನಿಜ, ಅನ್ನ ಹಾಕುತ್ತಿದ್ದ ಕುದುರೆ ಅದು. ಆದರೆ ಅದನ್ನು ಉಳಿಸಿದ್ದರೆ ಪಕ್ಕದ ಕುದುರೆಗಳಿಗೂ ಹಬ್ಬುತ್ತಿತ್ತು, ಅವರಿಗೂ ಬರಬಹುದಿತ್ತು.

ಇಲ್ಲಿ ಒಂದು ಮಾತು ಗಮನಿಸಿ. ಇಡೀ ದೇಶಕ್ಕೆ ಗಟ್ಟಿ ಕಾಯ್ದೆ ಬಂದಿದ್ದು ಕುದುರೆಗೆ. 1910ರ ಡೌರಿನ್ ಎಂಬ ರೋಗದ ಕಾಯ್ದೆಯೂ ಕುದುರೆಗೇ. ಸೈನ್ಯಕ್ಕೆ ಕುದುರೆ ಬೇಕಿತ್ತು. ರೈತನ ಎತ್ತಿಗೆ ಅಷ್ಟು ಗಟ್ಟಿಯಾದ ದೇಶವ್ಯಾಪಿ ಕಾನೂನು ಬರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಕಲ್ಯಾಣ್: ದನ ಹಿಡಿದು ದೊಡ್ಡಿಗೆ ಹಾಕುತ್ತಿದ್ದದ್ದು ಈ ರೋಗದ ಕಾನೂನಿನಲ್ಲೇ ಅಲ್ವಾ?

ಡಾಕ್ಟರ್: ಅಲ್ಲ. ಅದು 1871ರ ಇನ್ನೊಂದು ಕಾಯ್ದೆ. ಬೆಳೆಗೆ ನುಗ್ಗಿದ ದನಕ್ಕೆ.

ಹಡಪ್ಸರ್: ಡಾಕ್ಟ್ರೇ, ನಾನು ಕೇಳುವುದು ಇವತ್ತಿನ ವಿಷಯ, ಆದರೆ ಇದಕ್ಕೂ ಸಂಬಂಧ ಇದೆ. ಇಂಡಿ ತಾಲ್ಲೂಕಿನ ನಮ್ಮ ಊರಿನಿಂದ ತಮ್ಮ ಫೋನ್ ಮಾಡಿದ್ದ. ನಿನ್ನೆ ಸಂಜೆವರೆಗೂ ಮೇವು ತಿಂದ ಎತ್ತು ಬೆಳಿಗ್ಗೆ ಸತ್ತು ಬಿದ್ದಿತ್ತಂತೆ. ಹೊಟ್ಟೆ ಉಬ್ಬಿದೆ, ಮೂಗಿನಿಂದ ಕಪ್ಪು ರಕ್ತ. ಹಾವು ಕಡಿದಿರಬೇಕು ಅಂತ ಅವನು. ಮಧ್ಯಾಹ್ನ ಚರ್ಮ ಬಿಡಿಸೋಕೆ ಹೇಳಿದ್ದಾನೆ. ಹಿಂದೆ ಚರ್ಮ ಬಿಡಿಸದೆ ಹೂಳಬೇಕು ಅಂತ ಸರ್ಕಾರಿ ಕಟ್ಟಳೆ ಇತ್ತು ಅಂತ ಅಪ್ಪ ಹೇಳುತ್ತಿದ್ದರು. ಈಗಲೂ ಇದೆಯಾ?

ಡಾಕ್ಟರ್: ಹಡಪ್ಸರ್, ಮೊದಲು ತಮ್ಮನಿಗೆ ಫೋನ್ ಮಾಡಿ. ಆ ಎತ್ತಿನ ಮೇಲೆ ಚಾಕು ಇಡಬಾರದು. ಆಮೇಲೆ ಇದನ್ನು ಓದಿ.

ಇದ್ದಕ್ಕಿದ್ದಂತೆ ಸಾವು, ಹೊಟ್ಟೆ ಉಬ್ಬರ, ಮೂಗಿನಿಂದ ಹೆಪ್ಪುಗಟ್ಟದ ಕಪ್ಪು ರಕ್ತ. ಇದು ನೆರಡಿ ಇರಬಹುದು, ಆಂಥ್ರಾಕ್ಸ್. ಹಾವೂ ಇರಬಹುದು. ಇಲ್ಲಿ ಕೂತು ನಾನು ಹೇಳೋಕಾಗಲ್ಲ. ಪರೀಕ್ಷೆ ಆಗುವವರೆಗೆ ನೆರಡಿ ಅಂತಲೇ ತಿಳಿದು ನಡೆದುಕೊಳ್ಳಿ. ತಾಲ್ಲೂಕಿನ ಪಶು ಆಸ್ಪತ್ರೆಗೆ ಹೇಳಿ, 1962 ಪಶು ಸಹಾಯವಾಣಿಗೂ ಫೋನ್ ಮಾಡಿ. ಅವರು ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡುತ್ತಾರೆ, ಅಷ್ಟು ಸಾಕು.

ಈ ರೋಗಾಣು ದೇಹದೊಳಗೆ ಇರುವಾಗ ಸಾಮಾನ್ಯ ರೋಗಾಣು. ಗಾಳಿ ತಗುಲಿದರೆ ಗಟ್ಟಿ ಬೀಜಾಣು ಆಗುತ್ತದೆ. ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ನೀವು ಹೊಟ್ಟೆ ಸೀಳಿದರೆ ಆ ಹೊಲಕ್ಕೆ ರೋಗ ಬಿತ್ತಿದ ಹಾಗೆ. ಮಕ್ಕಳ ಕಾಲಕ್ಕೂ ಅಲ್ಲಿ ದನ ಸಾಯುತ್ತವೆ. ಅಪ್ಪ ಹೇಳುತ್ತಿದ್ದ ಮಾತಿನ ಅರ್ಥ ಇದೇ. ಈಗ ಪ್ರಾಣಿಗಳ ಅಂಟುರೋಗ ತಡೆಯುವ 2009ರ ಕಾಯ್ದೆ ಇದೆ. ಹಳೆಯ ಗ್ಲ್ಯಾಂಡರ್ಸ್, ಡೌರಿನ್ ಕಾಯ್ದೆಗಳನ್ನು ತೆಗೆದು ತಂದದ್ದು. ನೆರಡಿ ಅದರ ಪಟ್ಟಿಯಲ್ಲಿದೆ, ಮಾಲೀಕರು ತಿಳಿಸಲೇಬೇಕು.

ಹೆಣ ಎಳೆಯಬೇಡಿ. ತಾಡಪಾಲು ಮುಚ್ಚಿ, ನಾಯಿ ಹತ್ತಿರ ಬರದಂತೆ ಒಬ್ಬರು ದೂರದಲ್ಲಿ ಕಾಯಲಿ. ಡಾಕ್ಟರ್ ಬಂದ ಮೇಲೆ ಆರು ಅಡಿ ಆಳ ಗುಂಡಿ, ಬಾವಿ-ಹಳ್ಳದಿಂದ ದೂರ, ಮೇಲೆ ಕೆಳಗೆ ಸುಣ್ಣ. ರಕ್ತ ಬಿದ್ದ ಮಣ್ಣು, ಅದು ಮಲಗಿದ್ದ ಹುಲ್ಲೂ ಗುಂಡಿಗೇ ಹೋಗಬೇಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ನನ್ನ ಮುಂದೆ ಕೈ ಚಾಚಿದ್ದರು. ಮೊಣಕೈ ಕೆಳಗೆ ಒಂದು ಹುಣ್ಣು. ಸುತ್ತ ಊತ, ನಡುವೆ ಸುಟ್ಟ ಇದ್ದಿಲಿನ ಹಾಗೆ ಕಪ್ಪು. ನೋವಿದೆಯಾ ಅಂದೆ. ಇಲ್ಲ, ತುರಿಕೆ ಅಷ್ಟೇ ಅಂದರು. ನೋವಿಲ್ಲ ಅಂತಲೇ ನಾಲ್ಕು ದಿನ ಸುಮ್ಮನಿದ್ದರು. ಅದಕ್ಕೂ ಮೊದಲು ಸತ್ತ ಹಸುವಿನ ಚರ್ಮ ಬಿಡಿಸಿದ್ದರು. ಅವತ್ತೇ ಆಸ್ಪತ್ರೆಗೆ ಕಳಿಸಿದೆವು, ಉಳಿದರು. ನಿಮ್ಮ ಎತ್ತನ್ನು ಬರಿಗೈಯಲ್ಲಿ ಮುಟ್ಟಿದವರು ಸೋಪು ಹಾಕಿ ಕೈ ತೊಳೆದು, ಇವತ್ತೇ ಮನುಷ್ಯರ ಡಾಕ್ಟರಿಗೆ ತೋರಿಸಲಿ.

1919ರಲ್ಲಿ ಬ್ರಿಟನ್ ಆಂಥ್ರಾಕ್ಸ್ ತಡೆ ಕಾಯ್ದೆ ಮಾಡಿತು. ಹೊರದೇಶದ ಉಣ್ಣೆ, ಕೂದಲಿನಿಂದ ಅಲ್ಲಿನ ಕೆಲಸಗಾರರು ಸಾಯುತ್ತಿದ್ದರು. ಅದಕ್ಕೆ ಲಿವರ್‌ಪೂಲಿನಲ್ಲಿ ಉಣ್ಣೆ ತೊಳೆಯುವ ಕೇಂದ್ರವನ್ನೇ ಕಟ್ಟಿದರು. ಇಲ್ಲಿ ಚರ್ಮ ಬಿಡಿಸುವವರ ಕೈಗೆ ಅಂಥ ಕಾಳಜಿ ಸಿಗಲಿಲ್ಲ.

ಠಾಣೆ: ಸಾರ್ವಜನಿಕ ಹಿತಕ್ಕಾಗಿ ಫಾರ್ವರ್ಡ್ ಮಾಡುತ್ತಿದ್ದೇನೆ. ಬೇವಿನ ಹೊಗೆ, ಕರ್ಪೂರ, ಅರ್ಧ ಲೀಟರ್ ಎಳ್ಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಗೊಟ್ಟದಲ್ಲಿ ಕುಡಿಸಿದರೆ ನೆರಡಿ, ಗಳಲೆ, ಕಾಲುಬಾಯಿ ಎಲ್ಲ ಮೂರು ದಿನಕ್ಕೆ ವಾಸಿ. ಬ್ರಿಟಿಷರು ಮುಚ್ಚಿಟ್ಟ ಮದ್ದು.

ಡಾಕ್ಟರ್: ಯಾರೂ ಮಾಡಬೇಡಿ. ಗಳಲೆ ಬಂದ ದನಕ್ಕೆ ಗಂಟಲು ಊದಿ ನುಂಗೋಕೇ ಆಗಲ್ಲ. ತಲೆ ಎತ್ತಿ ಹಿಡಿದು ಗೊಟ್ಟದಲ್ಲಿ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರೋಗದಿಂದ ಬದುಕಬಹುದಾದ ದನ ಎಣ್ಣೆಯಿಂದ ಸಾಯುತ್ತದೆ. ಮೂರು ಬೇರೆ ಬೇರೆ ರೋಗಕ್ಕೆ ಒಂದೇ ಮದ್ದು ಅಂದಾಗಲೇ ಅನುಮಾನ ಬರಬೇಕು.

ಠಾಣೆ: ನಮ್ಮ ಅಜ್ಜಿ ಸಾವಿರ ದನ ಉಳಿಸಿದವರು. ಹಳ್ಳಿಯವರಿಗೆ ಏನೂ ಗೊತ್ತಿಲ್ಲ ಅಂತ ನಿಮ್ಮ ಅರ್ಥವಾ?

ಡೊಂಬಿವಲಿ: ಡಾಕ್ಟ್ರು ಹಾಗೆ ಎಲ್ಲಿ ಅಂದರು ಅಣ್ಣ? ನಮ್ಮೂರಲ್ಲಿ ಮಾರಿ ಬಂದಾಗ ಊರು ಬಿಟ್ಟು ಹೊರಬೀಡು ಮಾಡುತ್ತಿದ್ದರು. ಹೊರಗಿನ ದನ ಒಳಗೆ ಬಿಡುತ್ತಿರಲಿಲ್ಲ. ಅದೂ ಹಳ್ಳಿಯ ಬುದ್ಧಿಯೇ.

ಡಾಕ್ಟರ್: ಹೊರಗಿನ ದನ ಬಿಡದೇ ಇರುವುದು ಸರಿಯಾದ ಕ್ರಮ. ಅದನ್ನು ಮೆಚ್ಚುತ್ತೇನೆ. ಗೊಟ್ಟದ ಎಣ್ಣೆಯನ್ನು ಮೆಚ್ಚಲಾರೆ.

ಪನ್ವೇಲ್: ಲಂಪಿ ಹಾಲು ಮಕ್ಕಳಿಗೂ ಕೊಡಬಹುದಾ?

ಡಾಕ್ಟರ್: ಹೇಳಿದೆನಲ್ಲ, ಕಾಯಿಸಿ.

ವಾಶಿ: ಹಡಪ್ಸರ್ ಅವರೇ, ಹಾವೂ ಅಲ್ಲ ರೋಗವೂ ಅಲ್ಲ. ಚರ್ಮದ ಆಸೆಗೆ ಅವರೇ ವಿಷ ಹಾಕಿರುತ್ತಾರೆ. ಹಿಂದಿನಿಂದಲೂ ನಡೆದದ್ದೇ.

ಧಾರಾವಿ: ಅವರು ಅಂದರೆ ಯಾರು? ನೇರವಾಗಿ ಹೇಳಿ. ನಮ್ಮ ತಂದೆ, ಅಜ್ಜ ಇಬ್ಬರೂ ಚರ್ಮದ ಕೆಲಸ ಮಾಡಿದವರು. ಸತ್ತ ದನ ಎತ್ತೋಕೆ ಊರು ನಮ್ಮನ್ನು ಕರೆಯುತ್ತಿತ್ತು, ಸತ್ತರೆ ನಮ್ಮ ಮೇಲೇ ಹಾಕುತ್ತಿತ್ತು.

ವಾಶಿ: ಇತಿಹಾಸ ಹೇಳಿದರೆ ಸಿಟ್ಟು ಯಾಕೆ?

ಡಾಕ್ಟರ್: ಇತಿಹಾಸವನ್ನೇ ಹೇಳುತ್ತೇನೆ, ಕೇಳಿ. ದನಕ್ಕೆ ವಿಷ ಹಾಕುವ ಭಯ ಆಗಿನ ಕಾನೂನಿನಲ್ಲೇ ಇತ್ತು. ದನಕ್ಕೆ ವಿಷ ಹಾಕುವುದು ಜಾಸ್ತಿ ಇರುವ ಕಡೆ ವಿಷ ಇಟ್ಟುಕೊಳ್ಳುವುದರ ಮೇಲೂ ನಿಯಮ ಮಾಡಬಹುದು ಅಂತ 1919ರ ವಿಷ ಕಾಯ್ದೆಯಲ್ಲಿ ಬರೆದಿದ್ದಾರೆ. ಪಾಷಾಣ ಹಾಕಿದ ಪ್ರಕರಣಗಳು ಇದ್ದವು. ಆದರೆ ಉತ್ತರ ಭಾರತದಲ್ಲಿ ಪೊಲೀಸರು ಒಂದಿಡೀ ಜಾತಿಯನ್ನೇ ಅಪರಾಧಿ ಅಂತ ನೋಡಿದರು. ದನ ಇದ್ದಕ್ಕಿದ್ದಂತೆ ಸತ್ತರೆ ರೋಗ ಹುಡುಕುವ ಬದಲು ಚಮ್ಮಾರರ ಮನೆ ಹುಡುಕಿದರು. ನೆರಡಿಯಲ್ಲೂ ಸಾವು ಹಾಗೇ ಬರುತ್ತದೆ, ಗಂಟೆಗಳಲ್ಲಿ. ಚರ್ಮ ಬಿಡಿಸಿ ಆ ರೋಗ ಮೈಗೆ ಹತ್ತಿಸಿಕೊಂಡವರೂ ಅವರೇ. ಒಂದು ಹನಿ ರಕ್ತ ನೋಡದೆ ಯಾರ ಮೇಲೂ ವಿಷದ ಮಾತು ಎತ್ತಬೇಡಿ. ಈ ಗುಂಪಿನಲ್ಲಿ ಅಂತೂ ಬೇಡ.

ಧಾರಾವಿ: ಥ್ಯಾಂಕ್ಸ್ ಡಾಕ್ಟ್ರೇ.

ವಾಶಿ: ಮಾತಾಡೋಕೂ ಸ್ವಾತಂತ್ರ್ಯ ಇಲ್ಲ ಅಂದ ಮೇಲೆ ಈ ಗುಂಪು ಯಾಕೆ?

ಅಡ್ಮಿನ್, ಚೆಂಬೂರು: ವಾಶಿಯವರೇ, ಸಾಕು. ಮುಂದಿನ ಮೆಸೇಜ್ ಇದೇ ಥರ ಬಂದರೆ ತೆಗೆದುಬಿಡುತ್ತೇನೆ.

ಠಾಣೆ: ನನ್ನ ಮದ್ದಿನ ಬಗ್ಗೆ ಇನ್ನೂ ಸರಿಯಾದ ಉತ್ತರ ಬಂದಿಲ್ಲ.

ಡಾಕ್ಟರ್: ಬಂದಿದೆ.

ಮಡಗಾಂವ್: ಗೋವಾ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ, ದಯವಿಟ್ಟು ನೋಡಿ.

ಗೋರೆಗಾಂವ್: ಈಗ ದೊಡ್ಡರೋಗ ಮತ್ತೆ ಬರಬಹುದಾ ಸರ್?

ಡಾಕ್ಟರ್: 1995ರ ನಂತರ ನಮ್ಮ ದೇಶದಲ್ಲಿ ಕಂಡಿಲ್ಲ. 2011ರಲ್ಲಿ ಜಗತ್ತಿನಿಂದಲೇ ಹೋಯಿತು ಅಂತ ಘೋಷಿಸಿದರು. ಹಡಪ್ಸರ್, ಏನಾಯಿತು?

ಹಡಪ್ಸರ್: ಚರ್ಮ ಬಿಡಿಸುವುದು ನಿಲ್ಲಿಸಿದ್ದಾನೆ. ಆಸ್ಪತ್ರೆಯವರು ಹೊರಟಿದ್ದಾರಂತೆ. ಆದರೆ ಬೆಳಿಗ್ಗೆಯೇ ತಮ್ಮ ಮತ್ತು ಪಕ್ಕದ ಮನೆಯ ಹುಡುಗ ಸೇರಿ ಅದನ್ನು ಕೊಟ್ಟಿಗೆಯಿಂದ ಬಯಲಿಗೆ ಎಳೆದಿದ್ದಾರೆ. ಹುಡುಗನ ಬೆರಳಿಗೆ ಮೊದಲೇ ಗಾಯ ಇತ್ತಂತೆ.

ಪನ್ವೇಲ್: ಸರ್, ಲಂಪಿ ಹಾಲಿನಿಂದ ಮೊಸರು ಮಾಡಬಹುದಾ?

ಡಾಕ್ಟರ್: ಹಡಪ್ಸರ್, ಆ ಹುಡುಗನನ್ನು ಈಗಲೇ ಕರೆದುಕೊಂಡು ಹೋಗಲಿ. ನೆರಡಿಯ ಅನುಮಾನ ಇದೆ, ಗಾಯದ ಕೈಯಲ್ಲಿ ಮುಟ್ಟಿದ್ದಾನೆ ಅಂತ ಅಲ್ಲಿನ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಲಿ. ಎಳೆದ ದಾರಿ ಪೂರ್ತಿ ಪಶುವೈದ್ಯರಿಗೆ ತೋರಿಸಲಿ. ನಿಮ್ಮ ನಂಬರಿಗೆ ಎರಡು ಸಲ ಮಾಡಿದೆ, ಬ್ಯುಸಿ ಬರುತ್ತಿದೆ. ಮತ್ತೆ ಮಾಡುತ್ತಿದ್ದೇನೆ, ಎತ್ತಿ.