ಕದ್ದಾಲಿಸುವ ಅಧಿಕಾರಕ್ಕೆ ಸಹಿ ಯಾರದು?

ಕುಟುಂಬದ ವಾಟ್ಸಾಪ್ ಗುಂಪು, ಡಿಸೆಂಬರ್ 2025

ದೊಡ್ಡಪ್ಪ (ಫಾರ್ವರ್ಡ್ ಮಾಡಿದ್ದು): ಸರ್ಕಾರದ್ದೇ ಆದ ಸಂಚಾರ್ ಸಾಥಿ ಆ್ಯಪ್ ಎಲ್ಲ ಹೊಸ ಮೊಬೈಲ್‌ಗಳಲ್ಲೂ ಇರಬೇಕೆಂಬ ಆದೇಶವನ್ನು ಕೂಗಾಟಕ್ಕೆ ಹೆದರಿ ಸರ್ಕಾರ ಹಿಂಪಡೆದಿದೆ. ತಪ್ಪು ಮಾಡದವನಿಗೆ ಭಯವೇಕೆ? ದೇಶ ಉಳಿದರೆ ತಾನೇ ಖಾಸಗಿತನ? ದೇಶಭಕ್ತರೆಲ್ಲರಿಗೂ ಕಳುಹಿಸಿ.

ಚಿಕ್ಕಮ್ಮ: ನಿಜ ಭಾವನವರೇ. ಬಸ್ಸಿನಲ್ಲಿ ಕಳೆದುಹೋದ ನನ್ನ ಮೊಬೈಲನ್ನು ಬ್ಲಾಕ್ ಮಾಡಿಸಿದ್ದು ಅದರಲ್ಲಿಯೇ.

ನಾನು: ಚಿಕ್ಕಮ್ಮ, ನೀವು ಅದನ್ನು ಖಂಡಿತ ಇಟ್ಟುಕೊಳ್ಳಿ. ನಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಿಮ್ ಪಡೆದಿದ್ದಾರೆಯೇ ಎಂದು ನೋಡುವುದಕ್ಕೂ ಅದು ಉಪಯುಕ್ತ. ಆದರೆ ಅದನ್ನು ಹಾಕಿಕೊಂಡವರು ನೀವು, ಬೇಡವೆನಿಸಿದ ದಿನ ತೆಗೆಯುವವರೂ ನೀವೇ. ನವೆಂಬರ್ 28ರ ಆದೇಶ ಹಾಗಿರಲಿಲ್ಲ. 90 ದಿನಗಳಲ್ಲಿ ಪ್ರತಿ ಹೊಸ ಮೊಬೈಲ್‌ನಲ್ಲಿ ಅದು ಇರಬೇಕು, ಅದರ ಕೆಲಸಗಳನ್ನು ನಿಷ್ಕ್ರಿಯಗೊಳಿಸುವಂತಿಲ್ಲ ಎಂದು ತಯಾರಕರಿಗೆ ಹೇಳಲಾಗಿತ್ತು. ಕರೆಗಳ ದಾಖಲೆ, ಸಂದೇಶ, ಕ್ಯಾಮೆರಾ ಇವಕ್ಕೆಲ್ಲ ಅನುಮತಿ ಕೇಳುವ ಆ್ಯಪ್ ಅದು. ಬೇಡವಾದವರು ಅಳಿಸಬಹುದು ಎಂದು ಸಚಿವರು ಹೇಳಿದ್ದು ಗದ್ದಲವಾದ ಮೇಲೆ. ಡಿಸೆಂಬರ್ 3ರಂದು ಕಡ್ಡಾಯವೇ ಹೋಯಿತು.

ಅಣ್ಣ: ಗೂಗಲ್‌ಗೆ ಎಲ್ಲವನ್ನೂ ಕೊಟ್ಟು ಕುಳಿತಿದ್ದೇವೆ. ನಮ್ಮದೇ ಸರ್ಕಾರಕ್ಕೆ ಕೊಡಲು ಮಾತ್ರ ಇಷ್ಟು ಸಂಕೋಚವೇ?

ನಾನು: ಗೂಗಲ್‌ಗೆ ಕೊಟ್ಟಿರುವುದೂ ನನಗೆ ಸಮಾಧಾನದ ವಿಷಯವಲ್ಲ ಅಣ್ಣ. ಆದರೂ ಗೂಗಲ್ ನಿನ್ನ ಮನೆಗೆ ಪೊಲೀಸರನ್ನು ಕಳುಹಿಸಲಾರದು, ಪಾಸ್‌ಪೋರ್ಟ್ ತಡೆಹಿಡಿಯಲಾರದು. ಆ ಶಕ್ತಿ ಇರುವುದು ಸರ್ಕಾರಕ್ಕೆ. ಆದ್ದರಿಂದಲೇ ಅದರ ಮೇಲೆ ಹೆಚ್ಚಿನ ಅಂಕುಶ ಬೇಕು.

ದೊಡ್ಡಪ್ಪ: ಪುಟ್ಟಿ, ನಾನು ಪೊಲೀಸ್ ಇಲಾಖೆಯಲ್ಲಿ ದುಡಿದವನು. ರಾಮೇಶ್ವರಂ ಕೆಫೆಯ ಸ್ಫೋಟವನ್ನು ನೆನೆಸಿಕೊ. 2024ರ ಮಾರ್ಚ್ 1. ಟೋಪಿ ಹಾಕಿ ಬಸ್ಸಿನಲ್ಲಿ ಬಂದು ಹೋದವನ ಜಾಡು ಹಿಡಿದದ್ದು ಸಿಸಿಟಿವಿಯಿಂದ. ಏಪ್ರಿಲ್ 12ರಂದು ಎನ್‌ಐಎ ಪಶ್ಚಿಮ ಬಂಗಾಳದಲ್ಲಿ ಇಬ್ಬರನ್ನು ಹಿಡಿಯಿತು. ಮುಂಬೈ ದಾಳಿಯ ರಾತ್ರಿ ಗಡಿಯಾಚೆಯಿಂದ ಬರುತ್ತಿದ್ದ ಸೂಚನೆಗಳು ಗೊತ್ತಾದದ್ದೂ ಫೋನ್ ಆಲಿಸಿದ್ದರಿಂದ. ಕ್ಯಾಮೆರಾ ಬೇಡ, ಫೋನ್ ಆಲಿಸುವುದು ಬೇಡ ಎಂದರೆ ಪೊಲೀಸರು ಜ್ಯೋತಿಷ್ಯ ಕೇಳಬೇಕೇ?

ನಾನು: ನೀವು ಹೇಳಿದ ಎರಡನ್ನೂ ನಾನು ಒಪ್ಪುತ್ತೇನೆ ದೊಡ್ಡಪ್ಪ. ಕೆಫೆಯ ಪ್ರಕರಣದಲ್ಲಿ ಅಪರಾಧ ನಡೆದಿತ್ತು, ಎಫ್‌ಐಆರ್ ಇತ್ತು, ತನಿಖೆಗೆ ಹೊಣೆಗಾರರಿದ್ದರು, ನಾಳೆ ಸಾಕ್ಷ್ಯವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ದಾರಿಯಿದೆ. ಯಾರ ಮೇಲೂ ಅನುಮಾನವಿಲ್ಲದೆ ಎಲ್ಲರ ಜೇಬಿನಲ್ಲೂ ಸರ್ಕಾರದ ಒಂದು ಕಿಟಕಿ ಇಡುವುದು ಬೇರೆ ಮಾತು. ಇನ್ನು ಫೋನ್ ಕದ್ದಾಲಿಕೆ. ಭಯೋತ್ಪಾದಕರ ಮೇಲಷ್ಟೇ ಅದು ನಡೆಯುತ್ತದೆ ಎಂದು ನಮ್ಮ ರಾಜ್ಯದವರು ಹೇಳುವುದು ಹೇಗೆ? 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟದ್ದೇ ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಆರೋಪದಿಂದ. 2019ರಲ್ಲಿ ಅಂಥದ್ದೇ ಆರೋಪ ಮತ್ತೆ ಎದ್ದು ತನಿಖೆ ಸಿಬಿಐಗೆ ಹೋಯಿತು.

ದೊಡ್ಡಪ್ಪ: ದುರುಪಯೋಗವಾಯಿತೆಂದು ಆಯುಧವನ್ನೇ ಎಸೆಯುವುದೇ?

ನಾನು: ಎಸೆಯುವುದು ಬೇಡ. ಬೀಗದ ಕೈ ಯಾರ ಬಳಿ ಇರಬೇಕು ಎಂಬುದೊಂದೇ ನನ್ನ ಪ್ರಶ್ನೆ. ಇಂದು ಕೇಂದ್ರದಲ್ಲಿ ಕದ್ದಾಲಿಕೆಗೆ ಸಹಿ ಹಾಕುವವರು ಗೃಹ ಕಾರ್ಯದರ್ಶಿ. ಆ ಸಹಿ ಸರಿಯೇ ಎಂದು ನೋಡುವ ಸಮಿತಿಯಲ್ಲಿ ಸಂಪುಟ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಕಾರ್ಯದರ್ಶಿಗಳು. ರಾಜ್ಯದಲ್ಲಿಯೂ ಇದೇ ವ್ಯವಸ್ಥೆ: ಸಹಿ ಗೃಹ ಕಾರ್ಯದರ್ಶಿಯದು, ಸಮಿತಿ ಮುಖ್ಯ ಕಾರ್ಯದರ್ಶಿಯದು. ಅಪ್ಪಣೆ ಕೊಡುವವರೂ ಸರ್ಕಾರದವರು, ತಪ್ಪು ಹುಡುಕಬೇಕಾದವರೂ ಸರ್ಕಾರದವರು. ಹೊರಗಿನವರು ಒಬ್ಬರೂ ಇಲ್ಲ. ಯಾರ ಫೋನನ್ನು ಆಲಿಸಲಾಯಿತೋ ಅವರಿಗೆ ಅದು ಎಂದೂ ತಿಳಿಯುವುದಿಲ್ಲ. ತಿಳಿಯದೆ ಅವರು ದೂರು ಕೊಡುವುದು ಹೇಗೆ? ಆಲಿಸಿದ ಮೇಲಾದರೂ ಅವರಿಗೆ ತಿಳಿಸಬೇಕು. 1996ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಸಮಿತಿಯ ಏರ್ಪಾಡನ್ನು ಮಾಡಿಕೊಟ್ಟಿತು. ಮೊದಲೇ ನ್ಯಾಯಾಧೀಶರ ಅನುಮತಿ ಬೇಕು ಎನ್ನುವಷ್ಟು ಮುಂದೆ ಹೋಗಲಿಲ್ಲ. ಆ ಕೊರತೆ ಇಂದಿಗೂ ತುಂಬಿಲ್ಲ.

ಚಿಕ್ಕಮ್ಮ: ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಕೋರ್ಟ್ ಹೇಳಿತ್ತಲ್ಲವೇ? ನಮ್ಮ ಕಡೆಯ ನ್ಯಾಯಮೂರ್ತಿಯೊಬ್ಬರ ಪ್ರಕರಣ.

ನಾನು: ಹೌದು ಚಿಕ್ಕಮ್ಮ, ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟ್‌ನಿಂದ ನಿವೃತ್ತರಾದವರು, 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಮ್ಮೆಲ್ಲರ ಪರವಾಗಿ ನಿಂತ ಅವರನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಸರ್ಕಾರ ನಮ್ಮ ಬದುಕಿನೊಳಗೆ ಇಣುಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಇಣುಕುವುದು ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು. ಎಲ್ಲರ ಮೊಬೈಲಿಗೂ ಆ್ಯಪ್ ತುಂಬುವುದು ಈ ಕೊನೆಯ ಮಾತಿನಲ್ಲಿಯೇ ಎಡವುತ್ತದೆ. ದೊಡ್ಡಪ್ಪ, ಅದೇ ತೀರ್ಪು ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದಿದ್ದ ತುರ್ತು ಪರಿಸ್ಥಿತಿಯ ಕಾಲದ ಜಬಲ್ಪುರ ತೀರ್ಪನ್ನು ರದ್ದು ಮಾಡಿತು. ಜನರನ್ನು ವಿಚಾರಣೆಯಿಲ್ಲದೆ ಒಳಗಿಟ್ಟ ‘ಮೀಸಾ’ ಕಾಯ್ದೆಯ ಹೆಸರಿನಲ್ಲಿಯೂ ಆಂತರಿಕ ಭದ್ರತೆ ಎಂದೇ ಇತ್ತು. ವಾಜಪೇಯಿ, ಅಡ್ವಾಣಿಯವರನ್ನು ಬಂಧಿಸಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಅವರೇನು ತಪ್ಪು ಮಾಡಿದ್ದರು?

ದೊಡ್ಡಪ್ಪ: ಆ ದಿನಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಎದುರು ಮಾತಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಸುಳಿವು ಸಿಕ್ಕರೆ ಸಹಿಗಾಗಿ ಯಾವ ನ್ಯಾಯಾಧೀಶರನ್ನು ಎಬ್ಬಿಸಲಿ? ಅಷ್ಟರಲ್ಲಿ ಬಾಂಬ್ ಸಿಡಿದಿರುತ್ತದೆ.

ನಾನು: ಬ್ರಿಟನ್ನಿನ 2016ರ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ಸಚಿವರು ಸಹಿ ಹಾಕಿದ ಮೇಲೆ ನ್ಯಾಯಾಂಗದ ಆಯುಕ್ತರೊಬ್ಬರು ಒಪ್ಪಬೇಕು. ತುರ್ತು ಇದ್ದರೆ ತಕ್ಷಣ ಆಲಿಸಬಹುದು, ಮೂರು ಕೆಲಸದ ದಿನಗಳೊಳಗೆ ಆಯುಕ್ತರು ಒಪ್ಪದಿದ್ದರೆ ನಿಲ್ಲಿಸಬೇಕು. ಭಯೋತ್ಪಾದನೆಯ ಏಟು ತಿಂದ ದೇಶವೇ ಅದೂ.

ಅಣ್ಣ: ನಮ್ಮ ದತ್ತಾಂಶ ರಕ್ಷಣಾ ಕಾಯ್ದೆ ಬಂತಲ್ಲ, ಅದು ಸಾಲದೇ?

ನಾನು: 2023ರ ಆ ಕಾಯ್ದೆಯ 17ನೇ ಸೆಕ್ಷನ್ ಓದು. ಸಾರ್ವಭೌಮತೆ, ದೇಶದ ಭದ್ರತೆ ಎಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ಕಾಯ್ದೆಯಿಂದಲೇ ಹೊರಗಿಡಬಹುದು.

ದೊಡ್ಡಪ್ಪ: ಸರಿ. ಮೂರು ದಿನಗಳಲ್ಲಿ ನ್ಯಾಯಾಧೀಶರ ಒಪ್ಪಿಗೆ ಎಂದರೆ ನನ್ನ ತಕರಾರಿಲ್ಲ. ಪ್ರಾಮಾಣಿಕ ಅಧಿಕಾರಿಗೆ ಅದೊಂದು ರಕ್ಷಣೆಯೂ ಹೌದು, ಮೇಲಿನವರು ಒತ್ತಡ ಹಾಕಿದಾಗ ತೋರಿಸಲು ಒಂದು ಕಾಗದ ಇರುತ್ತದೆ. ಆದರೆ ಆಲಿಸಿದ ಮೇಲೆ ಅವನಿಗೇ ತಿಳಿಸಬೇಕು ಎನ್ನುತ್ತೀಯಲ್ಲ, ಅದು ಆಗದ ಮಾತು. ಒಬ್ಬನಿಗೆ ತಿಳಿದರೆ ಜೊತೆಯವರೆಲ್ಲ ಎಚ್ಚರಗೊಳ್ಳುತ್ತಾರೆ.

ನಾನು: ಜರ್ಮನಿಯಲ್ಲಿ ಆಲಿಸುವುದು ಮುಗಿದ ಮೇಲೆ ತಿಳಿಸುತ್ತಾರೆ ದೊಡ್ಡಪ್ಪ. ತಿಳಿಸಿದರೆ ಕೆಲಸ ಕೆಡುತ್ತದೆ ಎನ್ನುವಷ್ಟು ಕಾಲ ತಡೆಹಿಡಿಯಲು ಅವಕಾಶವೂ ಇದೆ.

ದೊಡ್ಡಪ್ಪ: ತಡೆಹಿಡಿಯುವುದು ಎಷ್ಟು ಕಾಲ, ಯಾರು ತೀರ್ಮಾನಿಸುವುದು? ಅದನ್ನು ಹೇಳು, ಆಮೇಲೆ ನೋಡೋಣ.

ನಾನು: ಅದನ್ನೂ ಅದೇ ನ್ಯಾಯಾಧೀಶರು ತೀರ್ಮಾನಿಸಲಿ. ಆರು ತಿಂಗಳಿಗೊಮ್ಮೆ ಕಡತ ಅವರ ಮುಂದೆ ಹೋಗಲಿ, ಇನ್ನೂ ಗುಟ್ಟಾಗಿಡಲು ಕಾರಣವೇನೆಂದು ಪೊಲೀಸರು ಬರೆದು ಕೊಡಲಿ.