ಸಾವಿರ ಬಾತುಗಳಿಗೆ ಅಪಾಯ, ಗವಿಯ ಬಾವಲಿಗೆ ಇಲ್ಲವಾ?

ಪ್ರಶ್ನೆ (ಬಾಗಲಕೋಟೆ): ಹೋದ ಜನವರಿಯಲ್ಲಿ ಆಲಮಟ್ಟಿ ಹಿನ್ನೀರಿನಲ್ಲಿ ಕೆಂಪು ತಲೆಯ ಮುಳುಗು ಬಾತುಗಳನ್ನು ನೋಡಿದೆ. ಕಾಮನ್ ಪೋಚಾರ್ಡ್ ಅಂತೆ. ರಾಶಿ ರಾಶಿ ಇದ್ದವು. ಆದರೆ ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ‘ವಲ್ನರಬಲ್’, ಅಂದರೆ ಅಪಾಯದ ದಾರಿಯಲ್ಲಿ. ನಮ್ಮ ಖಾನಾಪುರ ಕಾಡಿನ ರಾಟನ್ಸ್ ಫ್ರೀಟೇಲ್ಡ್ ಬಾವಲಿಗೆ ಮಾತ್ರ ‘ಮಾಹಿತಿ ಸಾಲದು’ ಅಂತ ಬರೆದಿದ್ದಾರೆ. ಉಲ್ಟಾ ಆಗಿದೆ ಅಲ್ವಾ ಸರ್?

ಉತ್ತರ (ವನ್ಯಜೀವಿ ತಜ್ಞ): ಹಾಗೆ ಕಾಣುತ್ತದೆ, ನಿಜ. ಪೋಚಾರ್ಡ್ ಹಗಲಲ್ಲಿ ಬಯಲು ನೀರಿನ ಮೇಲೆ ತೇಲುತ್ತದೆ, ದಂಡೆಯಲ್ಲಿ ನಿಂತೇ ಎಣಿಸಬಹುದು. ಏಷ್ಯಾದಲ್ಲಿ 1987ರಿಂದ ಪ್ರತಿ ಜನವರಿ ನೀರಹಕ್ಕಿ ಗಣತಿ ನಡೆಯುತ್ತಿದೆ, ಯುರೋಪಿನಲ್ಲಿ ಅದಕ್ಕೂ ಮೊದಲಿನಿಂದ. ಸಂಖ್ಯೆ ಇಳಿಯುತ್ತಿರುವುದು ಲೆಕ್ಕದಲ್ಲೇ ಕಂಡಿತು, 2015ರಲ್ಲಿ ಪಟ್ಟಿ ಬದಲಾಯಿತು. ಇಲ್ಲಿ ರಾಶಿ ಕಂಡರೆ ಎಲ್ಲಾ ಕಡೆ ರಾಶಿ ಇದೆ ಅಂತಲ್ಲ.

ಬಾವಲಿಯ ಕಥೆ ಬೇರೆ. 1913ರಲ್ಲಿ ಅದಕ್ಕೆ ಹೆಸರು ಬಿತ್ತು. ಖಾನಾಪುರ ಕಾಡಿನ ಬಾರಪೇಡೆ ಗವಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಅಂತ ಬಹಳ ವರ್ಷ ನಂಬಿದ್ದರು. ಆಮೇಲೆ ಮೇಘಾಲಯದಲ್ಲಿ ಸಿಕ್ಕಿತು, ಕಾಂಬೋಡಿಯಾದಲ್ಲೂ ಸಿಕ್ಕಿತು. ಹಳೆ ಲೆಕ್ಕ ಸುಳ್ಳಾಯಿತು, ಹೊಸ ಲೆಕ್ಕ ಯಾರ ಹತ್ತಿರವೂ ಇಲ್ಲ. ‘ಮಾಹಿತಿ ಸಾಲದು’ ಅಂದರೆ ಕ್ಷೇಮವಾಗಿದೆ ಅಂತ ಓದಿಕೊಳ್ಳಬೇಡಿ. ಪೋಚಾರ್ಡ್ ಒಂದು ಸಲಕ್ಕೆ 8–10 ಮೊಟ್ಟೆ ಇಡುತ್ತದೆ. ಈ ಬಾವಲಿಗೆ ಒಂದೇ ಮರಿ.

ಪ್ರಶ್ನೆ (ವಿಜಯಪುರ): ಪೋಚಾರ್ಡ್ ನೀರಿನ ಮೇಲೆ ದಬದಬ ಓಡಿ ಆಮೇಲೆ ಹಾರುತ್ತದೆ. ಬಾವಲಿಗೆ ಆ ತಾಪತ್ರಯ ಇಲ್ಲ ಅಲ್ವಾ?

ಉತ್ತರ: ಅದಕ್ಕೂ ಇದೆ! ಮುಳುಗಲು ಅನುಕೂಲ ಆಗಲಿ ಅಂತ ಪೋಚಾರ್ಡಿನ ಕಾಲು ಹಿಂದಕ್ಕೆ ಸರಿದಿವೆ, ಮೈ ಭಾರ, ರೆಕ್ಕೆ ಚಿಕ್ಕವು. ಹಾಗಾಗಿ ಓಡಲೇಬೇಕು. ಈ ಬಾವಲಿಯ ರೆಕ್ಕೆ ಉದ್ದ, ಆದರೆ ಕಿರಿದು. ಬಯಲು ಆಕಾಶದಲ್ಲಿ ಜೋರಾಗಿ ಹಾರಲು ಸರಿ, ನೆಲದಿಂದ ಏಳಲು ಕಷ್ಟ. ಚಾವಣಿಯಿಂದ ಕೆಳಗೆ ಬಿದ್ದು, ಬೀಳುತ್ತಲೇ ವೇಗ ಹಿಡಿಯುತ್ತದೆ. ಹತ್ತಿರದಿಂದ ನೋಡಿದರೆ ದೊಡ್ಡ ಕಿವಿಗಳು ಟೋಪಿಯ ಅಂಚಿನ ಹಾಗೆ ಮುಖದ ಮೇಲೆ ಚಾಚಿರುತ್ತವೆ. ಬಾಲದ ತುದಿ ಇಲಿ ಬಾಲದ ಹಾಗೆ ಚರ್ಮದಿಂದ ಹೊರಗೆ ಇಣುಕುತ್ತದೆ. ಫ್ರೀಟೇಲ್ಡ್ ಅನ್ನೋದು ಅದಕ್ಕೇ.

ಪ್ರಶ್ನೆ (ಬೆಳಗಾವಿ): ಈ ಭಾನುವಾರ ಗವಿಗೆ ಹೋಗಿ ನೋಡಬಹುದಾ?

ಉತ್ತರ: ಸುಮ್ನೆ ಹೋಗೋ ಜಾಗ ಅಲ್ಲ. 2011ರಿಂದ ಅದು ಭೀಮಗಡ ಅಭಯಾರಣ್ಯ, ಅರಣ್ಯ ಇಲಾಖೆಯ ಅನುಮತಿ ಬೇಕು. ಟಾರ್ಚ್ ಹಾಕಿ ಗಲಾಟೆ ಮಾಡಿದರೆ ಮಲಗಿದ ಗುಂಪೇ ಎದ್ದು ಚದುರುತ್ತದೆ. ದುರ್ಬೀನು ಇದ್ದರೆ ಚಳಿಗಾಲದಲ್ಲಿ ಆಲಮಟ್ಟಿಗೆ ಹೋಗಿ. ಬಾತು ಎಣಿಸಿ, ಸಂಖ್ಯೆ ಇಲ್ಲಿ ಹಾಕಿ.