ದಾಸವಾಳದ ತುದಿ ಮುರುಟಿ ಬಿಳಿ ಹಿಟ್ಟು: ಬೇವಿನ ಎಣ್ಣೆ ಹೊಡೆದರೂ ಹೋಗ್ತಿಲ್ಲ

ತಾರಸಿತೋಟ:
ಬೆಂಗಳೂರು, ತಾರಸಿ ಮೇಲೆ 14 ಇಂಚಿನ ಕುಂಡದಲ್ಲಿ ಕೆಂಪು ದಾಸವಾಳ. ಚಿಗುರೆಲ್ಲ ಎಲೆಕೋಸಿನ ಹಾಗೆ ಮುದುಡಿದೆ. ಗಿಣ್ಣುಗಳಲ್ಲಿ ಬಿಳಿ ಹಿಟ್ಟು, ಕೆಳಗಿನ ಎಲೆಗಳ ಮೇಲೆ ಅಂಟು, ಕಪ್ಪು ಬೂಷ್ಟು. ಮೊಗ್ಗು ಅರಳದೆ ಉದುರುತ್ತೆ. ಲೀಟರ್ ಬೋರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ವಾರಕ್ಕೊಮ್ಮೆ ಮೂರು ಸಲ ಬೆಳಗ್ಗೆ 11ಕ್ಕೆ ಸ್ಪ್ರೇ ಮಾಡಿದ್ದಾಗಿದೆ. ಎಲೆ ಅಂಚು ಸುಟ್ಟಿತು, ಹಿಟ್ಟು ಹಾಗೇ ಇದೆ. ಇದು ವೈರಸ್ ಮುರುಟು ರೋಗವಾ? ಗಿಡ ಕಿತ್ತು ಹಾಕಬೇಕಾ? ಪೂಜೆಗೆ ಬಳಸೋ ಹೂವು, ರಾಸಾಯನಿಕ ಬೇಡ.

ಬೇರುಚಿಗುರು:
ಖಂಡಿತ ಕೀಳಬೇಡಿ. ನೀವು ಹೇಳೋ ಲಕ್ಷಣ ನೋಡಿದರೆ ಇದು ಹಿಟ್ಟು ತಿಗಣೆ. ದಾಸವಾಳದ ಗುಲಾಬಿ ಹಿಟ್ಟು ತಿಗಣೆ ರಸ ಹೀರುವಾಗ ಬಿಡುವ ಜೊಲ್ಲು ಚಿಗುರಿಗೆ ವಿಷ, ಅದರಿಂದಲೇ ತುದಿ ಗೊಂಚಲಾಗಿ ಮುರುಟುತ್ತೆ. ಒಂದು ಮುದುಡಿದ ತುದಿಯನ್ನು ಉಗುರಲ್ಲಿ ಬಿಡಿಸಿ ನೋಡಿ. ಒಳಮಡಿಕೆಯಲ್ಲಿ ಹತ್ತಿಯಂಥ ಚೀಲ, ಅದರೊಳಗೆ ರವೆಗಿಂತ ಸಣ್ಣ ಮೊಟ್ಟೆಗಳು ನೂರಾರು ಇರುತ್ತವೆ. ಸ್ಪ್ರೇ ಅಲ್ಲಿಗೆ ತಲುಪೋದೇ ಇಲ್ಲ. ಹಾಗಾಗಿ ಮೊದಲ ಕೆಲಸ ಕತ್ತರಿಯದ್ದು: ಮುರುಟಿದ ಜಾಗದಿಂದ ಮೂರು ನಾಲ್ಕು ಇಂಚು ಕೆಳಗೆ ಕತ್ತರಿಸಿ, ತುಂಡುಗಳನ್ನು ಆಗಲೇ ಸೋಪು ನೀರಿನ ಬಕೆಟ್‌ಗೆ ಹಾಕಿ ಒಂದು ದಿನ ಮುಳುಗಿಸಿಡಿ. ಗೊಬ್ಬರದ ಗುಂಡಿಗೆ ಹಾಗೇ ಎಸೆದರೆ ಮರಿಗಳು ತೆವಳಿ ಬೇರೆ ಗಿಡ ಹತ್ತುತ್ತವೆ.

ಉಳಿದ ಗಿಣ್ಣುಗಳಿಗೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಕಡ್ಡಿ. ಮೈ ಮೇಲೆ ಬಿಳಿ ಹಿಟ್ಟಿನ ಹಾಗೆ ಕಾಣೋ ಮೇಣ ಕರಗಿ ತಿಗಣೆ ಅಲ್ಲೇ ಸಾಯುತ್ತೆ. ಎಳೆ ಎಲೆಗೆ ಸೋಕಿಸಬೇಡಿ, ಸುಡುತ್ತೆ.

ಮಣ್ಣುಮಿತ್ರ:
ಎಲೆ ಸುಟ್ಟಿದ್ದಕ್ಕೆ ಕಾರಣ ನಿಮ್ಮ ಮಿಶ್ರಣದಲ್ಲೇ ಇದೆ. ಎರಡು ಹನಿ ಲಿಕ್ವಿಡ್‌ಗೆ 5 ಮಿಲಿ ಎಣ್ಣೆ ಕರಗಲ್ಲ, ಮೇಲೆ ತೇಲುತ್ತೆ. ಸ್ಪ್ರೇಯರ್ ತಳದಿಂದ ಎಳೆದುಕೊಳ್ಳೋದರಿಂದ ಮೊದಲು ಬರೀ ನೀರು ಬರುತ್ತೆ, ಕೊನೆಗೆ ಬರೀ ಎಣ್ಣೆ. ಅದರ ಮೇಲೆ 11 ಗಂಟೆ ಬಿಸಿಲು! ಬೇವಿನ ಕೀಟನಾಶಕ ಅಂಶ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಹಾಳಾಗುತ್ತೆ, ಸಂಜೆ 5ರ ನಂತರವೇ ಹೊಡೆಯಬೇಕು.

ಎಣ್ಣೆಗಿಂತ ಬೇವಿನ ಸೋಪು ಅಥವಾ ಹೊಂಗೆ ಸೋಪು ನಿಮಗೆ ಸುಲಭ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ್ದು. ಲೀಟರಿಗೆ 10 ಗ್ರಾಂ ತುರಿದು, ಸ್ವಲ್ಪ ಬೆಚ್ಚಗಿನ ನೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಗಡಸು ಬೋರ್ ನೀರು ಮಾತ್ರ ಬೇಡ. ಸೋಪು ಮೊಸರು ಒಡೆದ ಹಾಗೆ ಕಡಿದುಹೋಗುತ್ತೆ, ನಾಜಲ್ ಕಟ್ಟುತ್ತೆ. ಮಳೆ ನೀರೋ ಆರ್‌ಓ ನೀರೋ ಇರಲಿ. ಎಣ್ಣೆಯನ್ನೇ ಬಳಸುವುದಾದರೆ 5 ಮಿಲಿ ಎಣ್ಣೆಗೆ ಅಷ್ಟೇ ದ್ರವ ಸೋಪು ಮೊದಲು ಕಲಸಿ, ಆಮೇಲೆ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ಹಾಲಿನ ಬಣ್ಣ ಬರಬೇಕು, ಮೇಲೆ ಎಣ್ಣೆಯ ಬೊಟ್ಟು ಕಾಣಬಾರದು. ಯಾವುದೇ ಆದರೂ ಮೊದಲು ಎರಡು ಎಲೆಗೆ ಹೊಡೆದು ಒಂದು ದಿನ ಕಾಯಿರಿ.

ಮೊಟ್ಟೆಗೆ ಇದ್ಯಾವುದೂ ನಾಟಲ್ಲ. ಅದು ಸುಮಾರು 6ರಿಂದ 9 ದಿನಕ್ಕೆ ಒಡೆಯುತ್ತೆ. ಆಗ ಹೊರಬರುವ ಮರಿಗೆ ಇನ್ನೂ ಮೇಣ ಇರಲ್ಲ, ಸಾಯೋದು ಆಗಲೇ. ಅದಕ್ಕೇ 7 ದಿನಕ್ಕೊಮ್ಮೆ ನಾಲ್ಕು ಸಲ, ಎಲೆಯ ಅಡಿಭಾಗ ತೊಯ್ಯುವ ಹಾಗೆ. ಎರಡು ಸಲಕ್ಕೇ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು.

ಬೇರುಚಿಗುರು:
ಗಿಡದಲ್ಲಿ ಇರುವೆ ಸಾಲು ಇದೆಯಾ?

ತಾರಸಿತೋಟ:
ಇದೆ ಸಾರ್, ಗೋಡೆ ಕಡೆಯಿಂದ ಬರ್ತಿವೆ.

ಬೇರುಚಿಗುರು:
ಅದನ್ನು ತಡೆಯದೆ ಏನು ಮಾಡಿದರೂ ದಂಡ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ತಿನ್ನಲು ಬರುವ ಹುಳುಗಳನ್ನು ಓಡಿಸುತ್ತವೆ. ಗೋಡೆಗೆ ತಾಗುವ ರೆಂಬೆ ಕತ್ತರಿಸಿ. ಅಗಲ ತಟ್ಟೆಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಕುಂಡ ಇಡಿ, ಸುತ್ತ ನೀರು ತುಂಬಿ. ಸೊಳ್ಳೆ ಆಗದಂತೆ ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ. ಕಡಲೆಕಾಯಿ ಹಿಂಡಿ ನೀರು ಕೊಡ್ತಿದ್ದರೆ ಒಂದು ತಿಂಗಳು ನಿಲ್ಲಿಸಿ, ಸಾರಜನಕ ಜಾಸ್ತಿಯಾದ ಮೆತ್ತನೆ ಚಿಗುರೇ ಇವಕ್ಕೆ ಹಬ್ಬ.

ತಾರಸಿತೋಟ:
ಎಲ್ಲ ಮಾಡಿ ಮೂರು ವಾರ ಆಯ್ತು. ಅಂಟು ನಿಂತಿದೆ, ಹೊಸ ಎಲೆ ನೇರವಾಗಿದೆ. ಆದರೆ ಒಂದು ರೆಂಬೆಯಲ್ಲಿ ದೊಡ್ಡ ಬಿಳಿ ಹುಳು ಕಾಣಿಸ್ತಿವೆ, ಮೈತುಂಬ ದಾರದ ಹಾಗೆ ಜೂಲು. ಮುಟ್ಟಿದರೆ ಓಡುತ್ತವೆ. ಸ್ಪಿರಿಟ್ ಹಚ್ಚಲಾ?

ಮಣ್ಣುಮಿತ್ರ:
ಬೇಡ, ದಯವಿಟ್ಟು ಬೇಡ! ಅದು ಕ್ರಿಪ್ಟೋಲೇಮಸ್ ಅನ್ನೋ ಗುಲಗಂಜಿ ಹುಳುವಿನ ಮರಿ ಇರಬೇಕು. ಆಸ್ಟ್ರೇಲಿಯಾದಿಂದ 1898ರಲ್ಲಿ ಭಾರತಕ್ಕೆ ತಂದದ್ದು. ತಿಗಣೆ 3 ಮಿ.ಮೀ. ದಾಟೋದು ಅಪರೂಪ, ನಿಧಾನವಾಗಿ ತೆವಳುತ್ತೆ. ಈ ಮರಿ ಒಂದು ಸೆಂಟಿಮೀಟರ್ ಮೀರುತ್ತೆ, ಚುರುಕಾಗಿ ಓಡುತ್ತೆ, ತಿಗಣೆಯನ್ನೂ ಅದರ ಮೊಟ್ಟೆಯನ್ನೂ ತಿಂದು ಮುಗಿಸುತ್ತೆ. ನಾಲ್ಕನೇ ಸ್ಪ್ರೇ ಆ ರೆಂಬೆಗೆ ಹೊಡೆಯಬೇಡಿ, ಉಳಿದ ಕಡೆ ತಿಗಣೆ ಕಂಡರೆ ಹತ್ತಿ ಕಡ್ಡಿ ಸಾಕು. ತಟ್ಟೆಯಲ್ಲಿ ನೀರು ಮಾತ್ರ ಆರದಿರಲಿ. ಇರುವೆ ಹತ್ತಿದರೆ ಇವು ಉಳಿಯಲ್ಲ.